ಷಡ್ಡಕನ ಕಾರಿನ ಹಿಂದೆ

ಷಡ್ಡಕ ಎಂದರೆ ಎಂಥ ಸಂಬಂಧ ಅಂತ ಇವತ್ತಿನವರೆಗೆ ಯಾರಾದರೂ ಸರಿಯಾಗಿ ಹೇಳಿದ್ದಾರೆಯೇ? ಅಣ್ಣನಲ್ಲ, ತಮ್ಮನಲ್ಲ. ಸ್ನೇಹಿತ ಅನ್ನೋಣವೆಂದರೆ ನಾವು ಆರಿಸಿಕೊಂಡವನಲ್ಲ. ಒಂದೇ ಮನೆಯ ಅಕ್ಕತಂಗಿಯರನ್ನು ಮದುವೆಯಾದ ತಪ್ಪಿಗೆ ಇಬ್ಬರು ಗಂಡಸರನ್ನು ಜೀವಮಾನವಿಡೀ ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲಿ ಕೂರಿಸಿಬಿಡುತ್ತಾರೆ. ತೂಗುವವರು ಅತ್ತೆ. ನಮ್ಮ ಹಾರ್ನಪ್ಪನ ತಟ್ಟೆ ಮೊದಲಿನಿಂದಲೂ ಮೇಲೆಯೇ ಇತ್ತು. ತಕ್ಕಡಿಯಲ್ಲಿ ಮೇಲಿರುವುದೆಂದರೆ ಏನರ್ಥ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾರ್ನಪ್ಪ ಅನ್ನುವುದು ಮಕ್ಕಳು ಇಟ್ಟ ಹೆಸರು. ಅವನದು ಸ್ವಂತ ವ್ಯಾನು. ಶಾಲೆಯ ಮಕ್ಕಳನ್ನು ಮನೆಮನೆಯಿಂದ ಹತ್ತಿಸಿಕೊಂಡು ಹೋಗಿ, ಮತ್ತೆ ಮನೆಮನೆಗೆ ಇಳಿಸಿ ಬರುವ ಕೆಲಸ. ಬೆಳಿಗ್ಗೆ ಬೀದಿಯ ತುದಿಯಲ್ಲಿ ಅವನ ಹಾರ್ನು ಕೇಳಿದರೆ ತಾಯಂದಿರು ಅರ್ಧ ಹೆಣೆದ ಜಡೆಯನ್ನು ಹಾಗೇ ಬಿಟ್ಟು ಮಕ್ಕಳನ್ನು ಹೊರಗೆ ದಬ್ಬುತ್ತಿದ್ದರು. ಇಷ್ಟು ವರ್ಷಗಳಲ್ಲಿ ವ್ಯಾನಿಗೆ ಒಂದು ಗೀರು ಬಿದ್ದಿರಲಿಲ್ಲ. ಕೈ ಅಷ್ಟು ಚೊಕ್ಕ. ಬಾಯಿಯ ವಿಷಯ ಮಾತ್ರ ಕೇಳಬೇಡಿ. ಶಾಲೆಯ ಮಕ್ಕಳಿರುವಾಗ ಬಾಯಿಗೆ ಬೀಗ ಬಿದ್ದಿರುತ್ತಿತ್ತು; ಮನೆಯವರಷ್ಟೇ ಇದ್ದರೆ ಬೀಗ ತೆರೆಯುತ್ತಿತ್ತು. ಮುಂದೆ ಯಾರಾದರೂ ನಿಧಾನವಾಗಿ ಹೋಗುತ್ತಿದ್ದರೆ ಅವನು ದನ ಕಾಯೋನು. ತಿರುವಿನಲ್ಲಿ ತಡವರಿಸಿದರೆ ಅವನಪ್ಪನೂ ದನ ಕಾಯೋನು. ಓಡಿಸುತ್ತಿರುವುದು ಹೆಂಗಸಾಗಿದ್ದರೆ ಅದಕ್ಕೆ ಬೇರೆಯೇ ಮಾತಿತ್ತು, ಅದನ್ನು ಇಲ್ಲಿ ಬರೆಯುವುದು ಬೇಡ. ಇಷ್ಟನ್ನೂ ಹಿಂದಿನ ಸೀಟಿನಲ್ಲಿ ಕೂತು ಕೇಳುತ್ತ ಬೆಳೆದವಳು ಅವನ ಒಬ್ಬಳೇ ಮಗಳು ಪಾಪು.

ಹದಿನೆಂಟು ತುಂಬಿದರೂ ಅವಳು ಮನೆಯಲ್ಲಿ ಪಾಪುವೇ. ಈ ವರ್ಷ ತಾನೇ ಓಡಾಡಿ ಕಲಿಯುವವರ ಲೈಸೆನ್ಸು ಮಾಡಿಸಿಕೊಂಡು ಬಂದಿದ್ದಳು. ಅದನ್ನು ನೋಡಿದ ದಿನ ಹಾರ್ನಪ್ಪ ‘ಹೂಂ’ ಎಂದು ಹಿಂದಕ್ಕೆ ಕೊಟ್ಟಿದ್ದ, ಅಷ್ಟೆ. ಆದರೆ ಮನಸ್ಸಿನಲ್ಲಿ ಅವನು ಒಂದು ಸಂಗತಿ ನಿಶ್ಚಯಮಾಡಿಕೊಂಡಿದ್ದ. ಬೇಸಿಗೆ ರಜೆಯಲ್ಲಿ ಎಲ್ಲರೂ ಬೆಟ್ಟದ ಊರುಗಳಿಗೆ ಹೋಗುವುದಿತ್ತಲ್ಲ, ಆ ದಾರಿಯಲ್ಲಿ ಒಂದು ಕೆರೆಯ ಊರು ಬರುತ್ತದೆ, ಕೆರೆಯ ಪಕ್ಕ ಹುಲ್ಲು ಬೆಳೆದ ದೊಡ್ಡ ಬಯಲು. ಅಲ್ಲಿ ಮಗಳನ್ನು ವ್ಯಾನಿನ ಡ್ರೈವರ್ ಸೀಟಿನಲ್ಲಿ ಕೂರಿಸಬೇಕು. ಗೇರಿನ ಮೇಲೆ ಅವಳ ಕೈ, ಅವಳ ಕೈಯ ಮೇಲೆ ತನ್ನ ಕೈ. ತಾನು ಯಾರಿಗೂ ಮುಟ್ಟಲು ಬಿಡದ ವ್ಯಾನನ್ನು ಮಗಳು ಮುಟ್ಟಬೇಕು, ಮುಟ್ಟಿ ಕಲಿಯಬೇಕು, ಕಲಿಸಿದವನು ಅಪ್ಪ ಅಂತ ಆಗಬೇಕು. ಜೀವನದಲ್ಲಿ ಅವನಿಗೆ ಚೆನ್ನಾಗಿ ಬರುತ್ತಿದ್ದುದು ಅದೊಂದೇ. ಅದನ್ನು ಇನ್ಯಾರಿಗೆ ಕೊಟ್ಟಾನು? ಈ ಮಾತನ್ನು ಅವನು ಹೆಂಡತಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಮೊದಲೇ ಹೇಳಿದರೆ ಮಕ್ಕಳಿಗೆ ಸಲುಗೆ ಹೆಚ್ಚುತ್ತದೆ ಅನ್ನುವ ಅಪ್ಪಂದಿರ ಪೈಕಿ ಅವನು.

ಹೊರಡುವುದಕ್ಕೆ ಸ್ವಲ್ಪ ಮುಂಚೆ ಷಡ್ಡಕ ಹೊಸ ಕಾರು ಕೊಂಡ. ಅಲ್ಲಿಂದ ಶುರುವಾಯಿತು ನೋಡಿ.

ಷಡ್ಡಕ, ಅಂದರೆ ನಾದಿನಿಯ ಗಂಡ, ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡಿಸುವವನು. ಪಾರ್ಶ್ವವಾಯು ಹೊಡೆದವರನ್ನು, ಸೊಂಟ ಮುರಿದವರನ್ನು ಎಬ್ಬಿಸಿ ಮತ್ತೆ ಹೆಜ್ಜೆ ಇಡಿಸುವುದು ಅವನ ಉದ್ಯೋಗ. ಇಡೀ ದಿನ ‘ಅವಸರ ಇಲ್ಲ, ನಿಧಾನ, ನಿಧಾನ’ ಎನ್ನುತ್ತಿದ್ದು ಆ ಮಾತು ಅವನ ನಾಲಿಗೆಗೆ ಅಂಟಿಕೊಂಡಿತ್ತು. ಟೀ ಬಿಸಿಯಿದ್ದರೂ ನಿಧಾನ, ಬಸ್ಸು ಹೊರಟಿದ್ದರೂ ನಿಧಾನ. ಹಾರ್ನಪ್ಪ ಅವನಿಗೆ ನಿಧಾನಪ್ಪ ಎಂದು ಹೆಸರಿಟ್ಟಿದ್ದ, ಎದುರಿಗೆ ಮಾತ್ರ ‘ಡಾಕ್ಟ್ರೇ’ ಎನ್ನುತ್ತಿದ್ದ. ಅವನು ಡಾಕ್ಟರಲ್ಲ, ಅತ್ತೆ ಹಾಗೆ ಕರೆಯುತ್ತಿದ್ದರು, ಯಾಕೆಂದರೆ ಅವರ ಮಂಡಿನೋವನ್ನು ಅವನು ಕಾಲು ಎತ್ತಿಸಿ ಇಳಿಸಿ ಗುಣಮಾಡಿದ್ದ. ಹದಿನೈದು ವರ್ಷ ಅವರನ್ನು ಕಣ್ಣಿನ ಆಸ್ಪತ್ರೆ, ಹಲ್ಲಿನ ಆಸ್ಪತ್ರೆ, ನೆಂಟರ ಮನೆ ಎಂದು ವ್ಯಾನಿನಲ್ಲಿ ಹೊತ್ತು ತಿರುಗಿದವನು ಹಾರ್ನಪ್ಪ. ಅವನು ಇವತ್ತಿಗೂ ಬರೀ ಡ್ರೈವರು. ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ತಮಾಷೆಯೆಂದರೆ ಷಡ್ಡಕನಲ್ಲಿ ಹುಡುಕಿದರೂ ಒಂದು ತಪ್ಪು ಸಿಗುತ್ತಿರಲಿಲ್ಲ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ಒಳ್ಳೆಯವನ ಮೇಲಿನ ಹೊಟ್ಟೆಕಿಚ್ಚು ಇದೆಯಲ್ಲ, ಅದು ಬಾಯಲ್ಲಿಟ್ಟುಕೊಂಡ ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಎಲ್ಲರೂ ವ್ಯಾನಿನಲ್ಲೇ ಹೋಗುವುದೆಂದು ಮೊದಲು ಮಾತಾಗಿತ್ತು. ಈಗ ಎರಡು ಗಾಡಿಯಿದ್ದರೆ ಕೈಕಾಲು ಚಾಚಿಕೊಂಡು ಹೋಗಬಹುದು ಎಂದು ನಾದಿನಿ ಹೇಳಿದಳು. ಹೊಸ ಕಾರಿಗೆ ಕ್ಲಚ್ಚೂ ಇಲ್ಲ, ಗೇರು ಹಾಕುವ ಕೆಲಸವೂ ಇಲ್ಲ, ತನ್ನಷ್ಟಕ್ಕೆ ಬದಲಾಗುತ್ತದೆ. ಹಾರ್ನಪ್ಪ ಒಂದು ಸುತ್ತು ಹಾಕಿ ನೋಡಿ, ಇದು ಗಾಡಿಯಲ್ಲ, ಚಕ್ರ ಹಾಕಿದ ಸೋಫಾ ಎಂದ. ಯಾರೂ ನಗಲಿಲ್ಲ.

ಮೊದಲ ದಿನದ ತಿರುವುಗಳಲ್ಲೇ ಅತ್ತೆಗೆ ಹೊಟ್ಟೆ ತೊಳೆಸಿತು. ವ್ಯಾನಿನಲ್ಲಿ ಡೀಸೆಲ್ ವಾಸನೆ ಎಂದರು. ಹದಿನೈದು ವರ್ಷ ಬಾರದ ವಾಸನೆ ಅವತ್ತು ಬಂದಿತ್ತು. ಮೊದಲನೆಯ ಬೆಟ್ಟದ ಊರಿನಲ್ಲಿ ಟೀಗೆ ನಿಲ್ಲಿಸಿದಾಗ ಅವರು ಕಾರಿಗೆ ಹತ್ತಿಕೊಂಡರು. ಎರಡನೆಯ ದಿನ ಅಜ್ಜಿಗೆ ಜೊತೆ ಬೇಕು ಎಂಬ ನೆಪ ಹೇಳಿ ಪಾಪುವೂ ಹೋದಳು. ವ್ಯಾನಿನಲ್ಲಿ ಉಳಿದದ್ದು ಗಂಡ, ಹೆಂಡತಿ ಮತ್ತು ಎಲ್ಲರ ಲಗೇಜು. ಹೆಂಡತಿ ಮುಂದಿನ ಸೀಟಿನಲ್ಲಿ ಕಾಲು ಮೇಲಿಟ್ಟುಕೊಂಡು ಇದೇ ಸುಖ ಎಂದಳು. ಅವನು ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದ; ಅಲ್ಲಿ ಷಡ್ಡಕನ ಸೂಟ್‌ಕೇಸು ಕೂತಿತ್ತು.

ಮೊದಲ ಜಲಪಾತದ ಹತ್ತಿರ ನಡೆದದ್ದನ್ನು ಹೇಳಬೇಕು. ನೀರು ಮೂರು ಕವಲಾಗಿ ಬೀಳುತ್ತಿತ್ತು, ಕೆಳಗೆ ಬಂಡೆಗಳ ಮೇಲೆ ಜನ ಚಪ್ಪಲಿ ಬಿಟ್ಟು ಇಳಿಯುತ್ತಿದ್ದರು. ಚಪ್ಪಲಿ, ಪರ್ಸು, ಅತ್ತೆಯ ಕನ್ನಡಕ, ನಾದಿನಿಯ ಫೋನು ಎಲ್ಲವನ್ನೂ ಹಾರ್ನಪ್ಪನ ಕೈಗೆ ಕೊಟ್ಟು ಎಲ್ಲರೂ ಇಳಿದರು. ನಂಬಿಕಸ್ಥ ಅಂತಲೇ ಕೊಟ್ಟರು, ಇರಲಿ. ಪಾಪು ತುಂತುರಿನ ಹತ್ತಿರ ಹೋಗಿ ನಿಂತು ತಿರುಗಿ ಕೈಬೀಸಿದಳು. ಅವನು ಚಪ್ಪಲಿಗಳನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಕೈಯೆತ್ತುವ ಹೊತ್ತಿಗೆ ಅವಳ ಕೂಗು ಕೇಳಿಸಿತು. ಚಿಕ್ಕಪ್ಪನನ್ನು ಕರೆಯುತ್ತಿದ್ದಳು. ನಿಧಾನಪ್ಪ ಅವಳ ಕೈಹಿಡಿದು ಒಂದೊಂದೇ ಬಂಡೆ ದಾಟಿಸಿ ನೀರಿನ ಕೆಳಗೆ ಕರೆದೊಯ್ದ. ಅವರಿಬ್ಬರೂ ನೆನೆದು ನಗುತ್ತಿದ್ದುದನ್ನು ಹಾರ್ನಪ್ಪ ಹತ್ತು ಕಾಲಿನ ಚಪ್ಪಲಿ ಹಿಡಿದುಕೊಂಡು ನೋಡಿದ. ಹೊಟ್ಟೆಯೊಳಗೆ ಕೊಳ್ಳಿ ಇಟ್ಟ ಹಾಗಾಯಿತು. ಅಷ್ಟು ನೀರಿನ ಎದುರಿಗೆ ನಿಂತು ಒಬ್ಬ ಮನುಷ್ಯ ಹಾಗೆ ಉರಿಯಬಹುದು ಅಂದರೆ ನೀವು ನಂಬಲಿಕ್ಕಿಲ್ಲ.

ಮರುದಿನ ಬೆಳಿಗ್ಗೆ ಹೋಟೆಲಿನ ರೂಮಿನಲ್ಲಿ ಎಚ್ಚರವಾದಾಗ ಮಗಳ ಹಾಸಿಗೆ ಖಾಲಿ. ಕಿಟಕಿಯಿಂದ ನೋಡಿದರೆ ಇಳಿಜಾರು ಬೀದಿ, ಸ್ವೆಟರ್ ಅಂಗಡಿಗಳು ಇನ್ನೂ ಮುಚ್ಚಿದ್ದವು. ಕೆಳಗಿನಿಂದ ಪಾಪು ಮತ್ತು ಅವಳ ಚಿಕ್ಕಪ್ಪ ಹತ್ತಿ ಬರುತ್ತಿದ್ದರು. ಚಳಿಗೆ ಅವಳ ಕೆನ್ನೆ ಕೆಂಪಾಗಿತ್ತು. ಕೈಯಲ್ಲಿ ಕಾರಿನ ಕೀ ತಿರುಗಿಸುತ್ತ, ಏನನ್ನೋ ಹೇಳುತ್ತ, ತಾನೇ ನಗುತ್ತ ಬರುತ್ತಿದ್ದಳು. ಮಗಳು ಹೀಗೆ ಮೈಮರೆತು ಮಾತಾಡುವುದನ್ನು ಅವನು ನೋಡಿ ಎಷ್ಟು ಕಾಲವಾಗಿತ್ತೋ. ಒಳಗೆ ಬಂದವಳನ್ನು ಎಲ್ಲಿಗೆ ಹೋಗಿದ್ದೆ ಎಂದು ಕೇಳಿದ. ವಾಕಿಂಗು ಎಂದಳು. ವಾಕಿಂಗಿಗೆ ಕಾರಿನ ಕೀ ಯಾಕೆ ಎಂದು ಯಾವ ಅಪ್ಪನಾದರೂ ಕೇಳುತ್ತಿದ್ದ. ಹಾರ್ನಪ್ಪ ಕೇಳಲಿಲ್ಲ. ಹೊಟ್ಟೆಕಿಚ್ಚು ಹತ್ತಿದವನಿಗೆ ಕಣ್ಣು ಚುರುಕಾಗುತ್ತದೆ, ಬುದ್ಧಿ ಮಂಕಾಗುತ್ತದೆ. ಅವನಿಗೆ ಕಂಡದ್ದು ನಗು ಮಾತ್ರ.

ಹೆಂಡತಿ ಇದನ್ನೆಲ್ಲ ಗಮನಿಸದವಳಲ್ಲ. ವ್ಯಾನಿನಲ್ಲಿ ಅವನು ಮುಖ ಗಂಟುಹಾಕಿಕೊಂಡು ಕೂತಾಗ ನೇರವಾಗಿಯೇ ಹೇಳಿದಳು.

“ಅವಳು ಈ ಗಾಡೀಲಿ ಬರ್ಬೇಕು ಅಂದ್ರೆ ನೀವೇ ಕರೀರಿ. ಕರೆದ್ರೆ ಬರ್ತಾಳೆ.”

“ಕರೆದು ಹತ್ತಿಸ್ಕೊಳ್ಳೋಕೆ ಅವಳೇನು ಪ್ಯಾಸೆಂಜರಾ?”

“ಹಾಗಾದ್ರೆ ಉರ್ಕೊಂಡು ಕೂತ್ಕೊಳ್ಳಿ,” ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ಆದರೂ ಅವನಿಗೊಂದು ಆಸೆ ಉಳಿದಿತ್ತು. ಕೆರೆಯ ಊರು ಇನ್ನೂ ಬಂದಿರಲಿಲ್ಲ. ಮೂರನೆಯ ರಾತ್ರಿ ಊಟಕ್ಕೆ ಕೂತಾಗ ತನ್ನ ಸ್ವಭಾವಕ್ಕೆ ವಿರುದ್ಧವಾಗಿ ಅವನೇ ಮಾತು ತೆಗೆದ. ನಾಳೆ ಕೆರೆಯ ಊರು ಸಿಗುತ್ತದೆ, ಅಲ್ಲೊಂದು ಒಳ್ಳೆಯ ಬಯಲಿದೆ, ಅರ್ಧ ದಿನ ಇದ್ದು ಹೋಗೋಣ ಎಂದ. ಬಯಲಿನಲ್ಲಿ ನೋಡುವುದೇನಿದೆ ಎಂದು ನಾದಿನಿ ಕೇಳಿದಳು. ಅದಕ್ಕೆ ಅವನು ಏನೆಂದು ಉತ್ತರ ಕೊಡಬೇಕು? ಗಾಳಿ ಚೆನ್ನಾಗಿದೆ ಎಂದ. ಆಗ ಪಾಪು ಬ್ರೆಡ್ಡಿನ ತುಂಡು ಮುರಿಯುತ್ತ, ಕೆರೆ ಬಿಟ್ಟು ಸೀದಾ ದೊಡ್ಡ ಜಲಪಾತಕ್ಕೇ ಹೋದರೆ ಅಲ್ಲಿಂದ ಇಳಿಯುವ ರಸ್ತೆ ಹೊಸದು, ಅಗಲವಾಗಿದೆಯಂತೆ, ಚಿಕ್ಕಪ್ಪ ಹೇಳಿದರು ಎಂದಳು. ಡಾಕ್ಟರು ಹೇಳಿದ ಮೇಲೆ ಮುಗಿಯಿತು ಎಂದರು ಅತ್ತೆ. ನಿಧಾನಪ್ಪನೊಬ್ಬ ಮಾತ್ರ, “ಅಣ್ಣ, ನಿಮಗೆ ಕೆರೆ ನೋಡ್ಬೇಕು ಅಂತಿದ್ರೆ ಹೋಗೋಣ, ಅವಸರ ಏನಿಲ್ಲ,” ಎಂದ. ಆ ಮರ್ಯಾದೆಯೇ ಗಾಯದ ಮೇಲೆ ಬರೆ ಎಳೆದ ಹಾಗಾಯಿತು. ತನ್ನ ಮಗಳ ಜೊತೆ ತಾನು ಎಲ್ಲಿ ಇಳಿಯಬೇಕೆಂದು ಇವನು ಅಪ್ಪಣೆ ಕೊಡಬೇಕೇ? ನನಗ್ಯಾವ ಕೆರೆಯೂ ಬೇಡ ಎಂದು ಹಾರ್ನಪ್ಪ ತಟ್ಟೆ ಬಿಟ್ಟು ಎದ್ದ.

ಮಾರನೆಯ ದಿನ ಕೆರೆಯ ಊರಿನ ಕವಲು ಬಂತು, ಹೋಯಿತು. ಬಯಲಿನ ಅಂಚು ಮರಗಳ ನಡುವೆ ಒಂದು ಗಳಿಗೆ ಹಸಿರಾಗಿ ಕಂಡಿತು. ಅವನು ಅತ್ತ ನೋಡಲಿಲ್ಲ ಎಂದು ತೋರಿಸಿಕೊಳ್ಳುವುದಕ್ಕೆ ಹಾರ್ನು ಹೊಡೆದ, ಎದುರಿಗೆ ಒಂದು ನಾಯಿಯೂ ಇರಲಿಲ್ಲ.

ದೊಡ್ಡ ಜಲಪಾತದ ಬಳಿ ಅವನು ವ್ಯಾನಿನಿಂದ ಇಳಿಯಲೇ ಇಲ್ಲ, ತಲೆನೋವು ಎಂದ. ಎಲ್ಲರೂ ನೆನೆದು ಬಂದರು. ನಾದಿನಿ ಒದ್ದೆ ಟವೆಲುಗಳನ್ನು ಒಣಗಲೆಂದು ಕಾರಿನ ಹಿಂದಿನ ಗಾಜಿನ ಮೇಲೆ ಹರಡಿ, ಡಿಕ್ಕಿಯ ಬಾಗಿಲಿಗೆ ಸಿಕ್ಕಿಸಿದಳು. ಕಾರು ಮುಂದೆ ಹೊರಟಿತು. ವ್ಯಾನಿನ ಮೇಲಿನ ಲಗೇಜಿನ ಹಗ್ಗ ಸಡಿಲವಾಗಿತ್ತು. ಅದನ್ನು ಬಿಗಿದು ಹಾರ್ನಪ್ಪ ಹೊರಡುವ ಹೊತ್ತಿಗೆ ಸ್ವಲ್ಪ ತಡವಾಯಿತು.

ರಸ್ತೆ ನಿಜಕ್ಕೂ ಅಗಲವಾಗಿತ್ತು. ಒಂದು ಕಡೆ ಗುಡ್ಡ, ಗುಡ್ಡದ ಬುಡದಲ್ಲಿ ನೀರು ಹರಿಯುವ ಚರಂಡಿ. ಇನ್ನೊಂದು ಕಡೆ ಕಲ್ಲಿನ ತಡೆಗೋಡೆ. ಐದಾರು ತಿರುವು ಇಳಿಯುವಷ್ಟರಲ್ಲಿ ಕಾರು ಸಿಕ್ಕಿತು. ಅದು ಓಡುತ್ತಿರಲಿಲ್ಲ, ತೆವಳುತ್ತಿತ್ತು. ತಿರುವು ಬರುವುದಕ್ಕೆ ಎಷ್ಟೋ ಮೊದಲೇ ಬ್ರೇಕಿನ ಕೆಂಪು ದೀಪ ಹತ್ತುವುದು, ಆರುವುದು, ಮತ್ತೆ ಹತ್ತುವುದು. ನಿಧಾನಪ್ಪ ಇಷ್ಟು ಕೆಟ್ಟದಾಗಿ ಓಡಿಸುವವನಲ್ಲ. ಬೇಕೆಂದೇ ಮಾಡುತ್ತಿದ್ದಾನೆ ಎಂದು ಹಾರ್ನಪ್ಪನಿಗೆ ಹೊಳೆಯಿತು. ನಿನ್ನೆ ತಟ್ಟೆ ಬಿಟ್ಟು ಎದ್ದದ್ದಕ್ಕೆ ಇವತ್ತು ಹಿಂದೆ ಇಟ್ಟುಕೊಂಡು ಆಟ ಆಡಿಸುತ್ತಿದ್ದಾನೆ. ಒಳಗೆ ಎಲ್ಲರೂ ನಗುತ್ತಿರಬೇಕು, ಮಗಳೂ ಸೇರಿ. ಅವನು ಹಾರ್ನು ಹೊಡೆದ. ಕಾರು ಇನ್ನಷ್ಟು ನಿಧಾನವಾಯಿತು. ಮತ್ತೆ ಹೊಡೆದ. ಹೆಂಡತಿ ಹೋಗಲಿ ಬಿಡಿ, ನಮಗೇನು ರೈಲು ತಪ್ಪುತ್ತದೆಯೇ ಎಂದಳು. ಆ ಮಾತು ಅವನ ಕಿವಿಗೆ ಬಿತ್ತೋ ಇಲ್ಲವೋ, ಮೂರು ದಿನದ ಉರಿಯೆಲ್ಲ ಅವನ ಅಂಗೈಗೆ ಇಳಿದಿತ್ತು. ಬಂಪರಿಗೆ ಬಂಪರು ತಾಗಿಸುವಷ್ಟು ಹತ್ತಿರ ಹೋಗಿ ಹಾರ್ನಿನ ಮೇಲಿಂದ ಕೈ ತೆಗೆಯಲೇ ಇಲ್ಲ.

ಒಂದು ನೇರ ಸಿಕ್ಕಿತು. ವ್ಯಾನನ್ನು ಕಾರಿನ ಪಕ್ಕಕ್ಕೆ ನುಗ್ಗಿಸಿ, ಹೆಂಡತಿಯ ಮೈಮೇಲೆ ಬಾಗಿ, ಅವಳ ಕಿಟಕಿಯಿಂದಾಚೆಗೆ ಕೂಗಿದ.

“ಓಡ್ಸೋಕೆ ಬರದಿದ್ರೆ ಮನೇಲಿ ಬಿದ್ಕೋ. ದನ ಕಾಯೋಕೂ ಲಾಯಕ್ಕಿಲ್ಲ ನೀನು.”

ಕೂಗಿದ ಮೇಲೆ ಕಂಡಿತು. ಸ್ಟೀರಿಂಗ್ ಹಿಡಿದಿದ್ದವಳು ಪಾಪು. ಎರಡೂ ಕೈ ಬಿಗಿಹಿಡಿದು, ತುಟಿ ಕಚ್ಚಿಕೊಂಡು, ನೇರ ಮುಂದೆ ನೋಡುತ್ತಿದ್ದ ಅವಳು ಆ ಧ್ವನಿಗೆ ತಿರುಗಿದಳು. ಅಪ್ಪನ ಮುಖ ನೋಡಿದಳು. ಅಷ್ಟರಲ್ಲಿ ವ್ಯಾನು ಮುಂದೆ ಹೋಗಿಬಿಟ್ಟಿತ್ತು. ಕನ್ನಡಿಯಲ್ಲಿ ಕಾರು ಗುಡ್ಡದ ಕಡೆಗೆ ವಾಲಿ, ಚರಂಡಿಗೆ ಒಂದು ಪಕ್ಕದ ಚಕ್ರಗಳನ್ನು ಇಳಿಸಿ, ಓರೆಯಾಗಿ ನಿಂತದ್ದು ಕಾಣಿಸಿತು.

ಬ್ರೇಕು ಒತ್ತಿ ಅವನು ಓಡಿದ. ದೇವರು ದೊಡ್ಡವನು, ಯಾರಿಗೂ ಏನೂ ಆಗಿರಲಿಲ್ಲ. ಹಿಂದಿನ ಸೀಟಿನಲ್ಲಿ ಅತ್ತೆ ಕನ್ನಡಕ ಹುಡುಕುತ್ತಿದ್ದರು, ನಾದಿನಿ ಎದೆ ಹಿಡಿದುಕೊಂಡು ಕೂತಿದ್ದಳು. ಪಾಪುವಿನ ಕೈ ಸ್ಟೀರಿಂಗಿಗೆ ಅಂಟಿಹೋಗಿತ್ತು. ಪಕ್ಕದಲ್ಲಿ ಕೂತ ನಿಧಾನಪ್ಪ ತನ್ನ ರೋಗಿಗಳಿಗೆ ಹೇಳುವ ಧ್ವನಿಯಲ್ಲೇ ಮೊದಲು ಒಂದು ಬೆರಳು ಸಡಿಲ ಮಾಡು, ಈಗ ಇನ್ನೊಂದು ಎನ್ನುತ್ತಿದ್ದ. ಇಷ್ಟೆಲ್ಲವನ್ನೂ ನೋಡಿ ಹಾರ್ನಪ್ಪನ ಬಾಯಿಂದ ಮೊದಲು ಬಂದ ಮಾತು ಯಾವುದು ಗೊತ್ತೇ?

“ಯಾರನ್ನ ಕೇಳಿ ಅವಳ ಕೈಗೆ ಸ್ಟೀರಿಂಗ್ ಕೊಟ್ರಿ?”

ಹಿಂದೆಯೇ ಓಡಿ ಬಂದ ಹೆಂಡತಿ ಅವನನ್ನು ಪಕ್ಕಕ್ಕೆ ತಳ್ಳಿ, ಮೊದಲು ಮಗು ಹೇಗಿದೆ ಅಂತ ಕೇಳಿ ಎಂದಳು. ಆಗ ಅವನಿಗೆ ನಾಚಿಕೆಯಾಯಿತು. ಆದರೆ ಸುಳ್ಳು ಯಾಕೆ ಹೇಳಬೇಕು, ಆ ನಾಚಿಕೆಯ ಕೆಳಗೂ ಹೊಟ್ಟೆ ಉರಿಯುತ್ತಲೇ ಇತ್ತು.

ತಪ್ಪು ನನ್ನದೇ, ನಿಮ್ಮನ್ನು ಕೇಳಬೇಕಿತ್ತು ಎಂದ ನಿಧಾನಪ್ಪ. ರಸ್ತೆ ಅಗಲವಿದೆ, ಇಳಿಜಾರು ಕಡಿಮೆ ಎಂದು ಈ ಭಾಗದಲ್ಲಿ ಮಾತ್ರ ಕೊಟ್ಟಿದ್ದನಂತೆ. ದಿನಾ ಬೆಳಿಗ್ಗೆ ಖಾಲಿ ಬೀದಿಯಲ್ಲಿ ಕಲಿಸಿದ್ದನಂತೆ. ಅತ್ತೆ ನಡುವೆ ಬಾಯಿಹಾಕಿ, ನಾನೇ ಓಡಿಸು ಅಂದೆ, ಮಗು ಎಷ್ಟು ಚೆನ್ನಾಗಿ ಓಡಿಸುತ್ತಿತ್ತು, ಟವೆಲಿನ ಮರೆಯಲ್ಲಿ ಯಾರೆಂದು ಕಾಣಲಿಲ್ಲ, ಹಿಂದಿನಿಂದ ಯಾವನೋ ಪ್ರಾಣ ತಿನ್ನುತ್ತಿದ್ದ ಎಂದರು. ಯಾವನೋ ಎಂದವರಿಗೆ ಆಮೇಲೆ ಅರ್ಥವಾಯಿತು, ಮತ್ತೆ ಕನ್ನಡಕ ಹುಡುಕತೊಡಗಿದರು.

ಕಲಿಯುವವರ ಗಾಡಿಗೆ ಬೋರ್ಡು ಹಾಕುವುದು ಗೊತ್ತಿಲ್ಲವೇ ಎಂದು ಹಾರ್ನಪ್ಪ ಕೊನೆಯ ಬಾಣ ಬಿಟ್ಟ. ಕಾರಿನ ಹಿಂದಕ್ಕೆ ಹೋಗಿ ತೋರಿಸಲು ನೋಡಿದರೆ ಟವೆಲಿನ ಅಂಚಿನಲ್ಲಿ ಕೆಂಪು ಬಣ್ಣ. ಟವೆಲು ಎಳೆದ. ಗಾಜಿನ ಮೇಲೆ, ಅವತ್ತು ಜಲಪಾತದ ಬಳಿ ಅಂಟಿಸಿದ ಕೆಂಪು ಅಕ್ಷರದ ಎಲ್ ಬೋರ್ಡು ನೆಟ್ಟಗೆ ಕೂತಿತ್ತು. ಒದ್ದೆ ಟವೆಲು ಹಿಡಿದುಕೊಂಡು ಅವನು ಹಾಗೇ ನಿಂತ.

ಅಷ್ಟರಲ್ಲಿ ಪಾಪು ಇಳಿದು ಬಂದಿದ್ದಳು. ನನಗೆ ಯಾಕೆ ಹೇಳಲಿಲ್ಲ, ನಾನು ಕಲಿಸುತ್ತಿರಲಿಲ್ಲವೇ ಎಂದು ಅವನು ಕೇಳಿದ.

“ಅಪ್ಪ, ಚಿಕ್ಕವಳಾಗಿದ್ದಾಗಿಂದ ನಿನ್ನ ಹಿಂದಿನ ಸೀಟಲ್ಲಿ ಕೂತಿದೀನಿ,” ಎಂದಳು ಅವಳು. “ನಿಧಾನಕ್ಕೆ ಹೋಗೋರನ್ನೆಲ್ಲ ನೀನು ಏನೇನಂತೀಯ ಎಲ್ಲ ಕೇಳಿದೀನಿ. ಹೆಂಗಸ್ರು ಓಡ್ಸಿದ್ರೆ ಏನಂತೀಯ ಅದೂ ಕೇಳಿದೀನಿ. ಕಲಿಯೋವಾಗ ನಾನೂ ನಿಧಾನಕ್ಕೇ ಹೋಗ್ಬೇಕಲ್ಲ. ನನಗೂ ಹಾಗೇ ಅಂದ್ಬಿಡ್ತೀಯ ಅಂತ ಭಯ ಇತ್ತು. ಇವತ್ತು ಅಂದೇಬಿಟ್ಟೆ.”

ಬೈದದ್ದು ನಿನಗಲ್ಲ, ಷಡ್ಡಕನಿಗೆ ಎನ್ನಬಹುದಿತ್ತು. ಅದು ಇನ್ನೂ ಚೆಂದ.

ಮಾತಾಡಲಾಗದ ಗಂಡಸರು ಕೆಲಸ ಮಾಡುತ್ತಾರೆ. ಅವನು ಗುಡ್ಡದಿಂದ ಉರುಳಿದ್ದ ಚಪ್ಪಡಿ ಕಲ್ಲುಗಳನ್ನು ಹೊತ್ತು ತಂದು ಚರಂಡಿಯೊಳಗೆ ಚಕ್ರದ ಕೆಳಗೆ ಜೋಡಿಸಿದ. ತಾನೇ ಕಾರಿನಲ್ಲಿ ಕೂತ. ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕುತ್ತಿತ್ತು. ನಿಧಾನಪ್ಪ ಕಿಟಕಿಯಲ್ಲಿ ಬಗ್ಗಿ ಯಾವುದನ್ನು ಎಲ್ಲಿಗೆ ಸರಿಸಬೇಕೆಂದು ಹೇಳಿಕೊಟ್ಟ, ಹಾರ್ನಪ್ಪ ಹೇಳಿಸಿಕೊಂಡ. ಎರಡು ಸಲ ಹಿಂದೆ ಮುಂದೆ ಮಾಡಿದ ಮೇಲೆ ಕಾರು ರಸ್ತೆಗೆ ಹತ್ತಿತು. ಬಾಗಿಲ ಕೆಳಗೆ ಉದ್ದಕ್ಕೆ ಗೀರು ಬಿದ್ದಿತ್ತು. ಹೊಸ ಕಾರು. ನಿಧಾನಪ್ಪ ಅದರ ಮೇಲೆ ಒಂದು ಬೆರಳು ಎಳೆದು ನೋಡಿ ಕೈಯ ಮಣ್ಣು ಒರೆಸಿಕೊಂಡ.

ಈಗ ಯಾರು ಓಡಿಸುವುದು ಎಂಬ ಪ್ರಶ್ನೆ ಬಂತು. ಪಾಪು ತಲೆ ಅಲ್ಲಾಡಿಸಿದಳು. ಇನ್ನು ಜನ್ಮದಲ್ಲಿ ಮುಟ್ಟುವುದಿಲ್ಲ, ಅಮ್ಮನ ಜೊತೆ ವ್ಯಾನಿನಲ್ಲಿ ಬರುತ್ತೇನೆ ಎಂದಳು. ಅವಸರ ಇಲ್ಲ, ನಿನ್ನಿಷ್ಟ ಎಂದ ಚಿಕ್ಕಪ್ಪ.

ಹಾರ್ನಪ್ಪನ ಎದೆಯಲ್ಲಿ ಆಗ ಏನಾಯಿತು ಅಂತ ಹೇಳಿದರೆ ನೀವು ಅವನನ್ನು ಮನುಷ್ಯನೇ ಎಂದು ಕೇಳುತ್ತೀರಿ. ಖುಷಿಯಾಯಿತು. ನಾಲ್ಕು ದಿನದಲ್ಲಿ ಮೊದಲ ಸಲ. ಮಗಳು ವ್ಯಾನಿಗೆ ಬರುತ್ತಾಳೆ, ತನ್ನ ಹಿಂದಿನ ಸೀಟಿಗೆ. ಷಡ್ಡಕ ಸೋತ. ವ್ಯಾನಿನ ಬಾಗಿಲು ತೆಗೆಯಲು ಹೋದವನು ಸೂಟ್‌ಕೇಸನ್ನೂ ಪಕ್ಕಕ್ಕೆ ಸರಿಸಿದ. ಮಗಳು ಬಂದು ಮೆಟ್ಟಿಲ ಮೇಲೆ ಕಾಲಿಟ್ಟಳು. ತಲೆ ತಗ್ಗಿಸಿಕೊಂಡು, ಕೈಗಳೆರಡನ್ನೂ ಕಂಕುಳಲ್ಲಿ ಬಚ್ಚಿಟ್ಟುಕೊಂಡಿದ್ದಳು. ಆ ಕೈಗಳನ್ನು ನೋಡಿದ್ದೇ ತಪ್ಪಾಯಿತು. ಘಾಟಿಯಲ್ಲಿ ಹೆದರಿ ಇಳಿದವನು ಅದೇ ಘಾಟಿಯಲ್ಲಿ ಮತ್ತೆ ಹತ್ತದಿದ್ದರೆ ಇನ್ನೆಂದೂ ಹತ್ತುವುದಿಲ್ಲ; ಇದು ಅವನ ಕಸುಬಿನವರೆಲ್ಲ ಬಲ್ಲ ಸಂಗತಿ. ಅವಳು ಈಗ ಈ ಸೀಟಿನಲ್ಲಿ ಕೂತರೆ ಜನ್ಮವಿಡೀ ಕೂತೇ ಇರುತ್ತಾಳೆ. ಯಾರಾದರೊಬ್ಬರ ಹಿಂದೆ.

ಅವನು ಅವಳನ್ನು ಕೆಳಗಿಳಿಸಿ ಬಾಗಿಲು ಮುಚ್ಚಿದ.

“ಹೋಗು, ನೀನೇ ಓಡ್ಸು,” ಎಂದ.

ಅವಳು ನಂಬಲಿಲ್ಲ. ನೀನು ಪಕ್ಕದಲ್ಲಿ ಕೂರುತ್ತೀಯಾ ಎಂದು ಕೇಳಿದಳು. ಕೆರೆಯ ಬಯಲಿನಿಂದ ಈವರೆಗೆ ಅವನು ಕಾಯುತ್ತಿದ್ದ ಮಾತು ಅದೇ. ಅವಳ ಕಣ್ಣಿನಲ್ಲಿ ಭಯ ಹಾಗೇ ಇತ್ತು, ಅಪ್ಪನ ಮನಸ್ಸು ನೋಯಬಾರದೆಂದು ಕೇಳಿದ್ದಳು, ಅಷ್ಟೆ. ಅವನಿಗೂ ಅದು ಕಂಡಿತು. ಕಾರಿನ ಕೀಯನ್ನು ಜೇಬಿನಿಂದ ತೆಗೆದು ಷಡ್ಡಕನ ಕಡೆ ಚಾಚಿದ.

“ಡಾಕ್ಟ್ರೇ, ನೀವೇ ಕೂತ್ಕೊಳ್ಳಿ. ನಾನು ಕೂತ್ರೆ ಬೈತೀನಿ. ನಾನು ಹಿಂದೆ ಬರ್ತೀನಿ, ಯಾವನೂ ಹಾರ್ನ್ ಹೊಡೀದೇ ಇರೋ ಹಾಗೆ ನೋಡ್ಕೋತೀನಿ.”

ಕಾರು ಹೊರಟಿತು. ಅದರ ಹಿಂದೆ, ಎರಡು ಗಾಡಿಯಷ್ಟು ಅಂತರ ಬಿಟ್ಟು, ವ್ಯಾನು. ಹಾರ್ನಪ್ಪ ಎರಡನೇ ಗೇರಿಗಿಂತ ಮೇಲೆ ಹೋಗಲಿಲ್ಲ. ಇಂಜಿನ್ನು ಗೊಣಗುತ್ತಿತ್ತು. ಮುಂದೆ ಕೆಂಪು ದೀಪ ಹತ್ತುವುದು, ಆರುವುದು. ಎರಡು ತಿರುವು ಕಳೆಯುವಷ್ಟರಲ್ಲಿ ಹಿಂದೆ ಜೀಪುಗಳು, ಟೂರಿಸ್ಟ್ ಕಾರುಗಳು, ಒಂದು ದೊಡ್ಡ ಬಸ್ಸು ಸಾಲುಗಟ್ಟಿದವು. ಹಾರ್ನು ಶುರುವಾಯಿತು. ಅವನು ವ್ಯಾನನ್ನು ರಸ್ತೆಯ ಮಧ್ಯಕ್ಕೆ ತಂದು ಕಿಟಕಿಯಿಂದ ಕೈ ಹೊರಗೆ ಹಾಕಿ, ನಿಧಾನ, ನಿಧಾನ ಎಂದು ಬೀಸಿದ. ಯಾರೋ ಅವನ ತಾಯಿಯ ಹೆಸರು ಎತ್ತಿದರು. ಕೇಳಿಸಿಕೊಂಡ. ಇನ್ಯಾರೋ ಅವನ ಲೈಸೆನ್ಸು ಕೊಟ್ಟವನ ವಂಶವನ್ನೇ ಎತ್ತಿದರು. ಅದನ್ನೂ ಕೇಳಿಸಿಕೊಂಡ. ಹೆಂಡತಿ ಒಂದು ಸಲ ಅವನ ಮುಖ ನೋಡಿ ಮತ್ತೆ ಮುಂದಿನ ಕಾರಿನ ಕಡೆ ತಿರುಗಿದಳು.

ರಸ್ತೆ ಅಗಲವಾದ ಕಡೆ ಬಸ್ಸು ಪಕ್ಕಕ್ಕೆ ಬಂತು. ಡ್ರೈವರು ಸೀಟಿನಿಂದಲೇ ಎಡಗಡೆಯ ಕಿಟಕಿಯತ್ತ ಬಗ್ಗಿ, ಗಾಡಿ ಕೆಟ್ಟಿದೆಯಾ ಎಂದು ಸಿಟ್ಟಿನಿಂದ ಕೇಳಿದ.

“ಗಾಡಿ ಚೆನ್ನಾಗಿದೆ,” ಎಂದ ಹಾರ್ನಪ್ಪ. “ಆ ಕಾರು ಓಡಿಸ್ತಿರೋದು ನನ್ನ ಮಗಳು. ಈಗ ಕಲೀತಿದಾಳೆ. ದೂರ ಬಿಟ್ಟು ಹೋಗಿ, ಹಾರ್ನ್ ಮಾಡ್ಬೇಡಿ.”

ಬಸ್ಸಿನವನು ಮುಂದಿನ ಕಾರನ್ನೂ ನೋಡಿದ, ಇವನನ್ನೂ ನೋಡಿದ. ಅವನ ಮುಖ ಸ್ವಲ್ಪ ಸಡಿಲವಾಯಿತು.

“ಅಪ್ಪ ಆಗಿ ಪಕ್ಕದಲ್ಲಿ ಕೂತು ಕಲಿಸೋದು ಬಿಟ್ಟು ಇಲ್ಲೇನ್ರೀ ಮಾಡ್ತಿದೀರಿ?”

ಹಾರ್ನಪ್ಪನ ಕೈ ಗೇರಿನ ಮೇಲೆ ಬಿಗಿಯಾಯಿತು. ಮುಂದೆ ಕಾರಿನ ಗಾಜಿನೊಳಗೆ ಎರಡು ತಲೆಗಳು ಕಾಣುತ್ತಿದ್ದವು, ಮಗಳದು, ಅದರ ಪಕ್ಕ ಇನ್ನೊಂದು. ಅದು ತನ್ನದಾಗಿರಬೇಕಿತ್ತು. ಹೊಟ್ಟೆ ಆಗಲೂ ಉರಿಯುತ್ತಿತ್ತು. ಅಷ್ಟು ಸುಲಭಕ್ಕೆ ಆರುವ ಉರಿಯಲ್ಲ ಅದು.

“ಕಲಿಸ್ತಿರೋದು ನನ್ನ ಷಡ್ಡಕ,” ಎಂದ. ಎಂಜಲು ನುಂಗಿಕೊಂಡು ಮತ್ತೆ ಹೇಳಿದ, “ಅವನು ನನಗಿಂತ ಚೆನ್ನಾಗಿ ಕಲಿಸ್ತಾನೆ.”

ಬಸ್ಸಿನವನು ತಲೆಯಾಡಿಸಿ, ಹಾರ್ನು ಮಾಡದೆ, ಕಾರಿನಿಂದ ಸಾಕಷ್ಟು ದೂರ ಬಿಟ್ಟು ದಾಟಿಕೊಂಡು ಹೋದ. ಮುಂದಿನ ತಿರುವಿನಲ್ಲಿ ಕಾರಿನ ಕೆಂಪು ದೀಪ ಹತ್ತಿತು. ಹಾರ್ನಪ್ಪನೂ ಬ್ರೇಕಿನ ಮೇಲೆ ಕಾಲಿಟ್ಟ.